ಕಾರ್ಡಿನಲ್ಲಿ ಎರಡೇ ಡೋಸ್

ರಾಯಚೂರಿನ ಬೇಸಿಗೆಯ ಮಧ್ಯಾಹ್ನ. ಮೆಡಿಸಿನ್ ವಾರ್ಡಿಗೆ ಹೊಸದಾಗಿ ಸೇರಿದ ಸ್ಟಾಫ್ ನರ್ಸ್ ಹುಡುಗಿಗೆ ಸೂಜಿ ಚುಚ್ಚಿತು. ರಕ್ತ ತೆಗೆದ ಸೂಜಿಗೆ ಮತ್ತೆ ಕ್ಯಾಪ್ ಹಾಕಲು ಹೋಗಿದ್ದಳು. ಸೂಜಿ ಹಾಕುವ ಬಿಳಿ ಡಬ್ಬಿ ಇದ್ದದ್ದು ಡ್ಯೂಟಿ ರೂಮಿನಲ್ಲಿ; ತೆರೆದ ಸೂಜಿ ಹಿಡಿದು ಅಷ್ಟು ದೂರ ಯಾರು ನಡೆದಾರು? ಕ್ಯಾಪ್ ಹಾಕಬೇಡಿ ಎಂದು ಗೋಡೆಗೆ ಚೀಟಿ ಅಂಟಿಸುವುದಕ್ಕಿಂತ ಡಬ್ಬಿಯನ್ನು ಟ್ರಾಲಿಗೇ ಕಟ್ಟುವುದು ಮೇಲು.

ಬೆರಳು ಹಿಂಡುತ್ತಿದ್ದವಳನ್ನು ತಡೆದು, ನಲ್ಲಿಯ ಕೆಳಗೆ ಸೋಪು ಹಚ್ಚಿ ತೊಳೆಸಿದೆವು. ಹಿಂಡಬಾರದು. ಸ್ಪಿರಿಟ್, ಬ್ಲೀಚಿಂಗ್ ನೀರು ಸುರಿದರೆ ಚರ್ಮ ಉರಿಯುತ್ತದೆ ಅಷ್ಟೆ. ರೋಗಿಯ ಒಪ್ಪಿಗೆ ಪಡೆದು ರಕ್ತ ಕಳಿಸಿದೆವು: ಎಚ್‌ಐವಿ, ಹೆಪಟೈಟಿಸ್ ಸಿ ನೆಗೆಟಿವ್, ಎಚ್‌ಬಿಎಸ್‌ಎಜಿ ಪಾಸಿಟಿವ್, ಅಂದರೆ ರೋಗಿಗೆ ಹೆಪಟೈಟಿಸ್ ಬಿ ಸೋಂಕಿದೆ.

ಅಲ್ಲಿಯವರೆಗೆ ಅವಳು ಹೆದರಿದ್ದು ಎಚ್‌ಐವಿಗೆ. ಲೆಕ್ಕ ಬೇರೆಯೇ ಇದೆ. ಸೋಂಕಿತರ ಸೂಜಿ ಚುಚ್ಚಿದಾಗ ಎಚ್‌ಐವಿ ತಗಲುವ ಸಾಧ್ಯತೆ ಸುಮಾರು 0.3%, ಲಸಿಕೆ ಇಲ್ಲದವರಿಗೆ ಹೆಪಟೈಟಿಸ್ ಬಿ 6ರಿಂದ 30%. ಒಣಗಿದ ರಕ್ತದ ಕಲೆಯಲ್ಲೂ ಈ ವೈರಸ್ 7 ದಿನವಾದರೂ ಬದುಕಿರುತ್ತದೆ.

“ಲಸಿಕಿ ಹಾಕಿಸ್ಕೊಂಡೀಯೇನವಾ?”

“ಹಾಕಿಸ್ಕೊಂಡೀನ್ರಿ ಅಕ್ಕಾ, ಕಾಲೇಜಿನ್ಯಾಗ.”

ಕಾರ್ಡು ತರಿಸಿ ನೋಡಿದರೆ ಎರಡೇ ಡೋಸ್. 0, 1, 6 ತಿಂಗಳ ಲೆಕ್ಕದಲ್ಲಿ ಹೆಚ್ಚಾಗಿ ತಪ್ಪುವುದು ಆ ಆರನೇ ತಿಂಗಳದ್ದೇ. ಅಷ್ಟರಲ್ಲಿ ಪರೀಕ್ಷೆಯೋ ಮದುವೆಯೋ ಬಂದಿರುತ್ತದೆ. ಮೊದಲಿನಿಂದ ಶುರು ಮಾಡಬೇಕಿಲ್ಲ, ಬಿಟ್ಟಲ್ಲಿಂದ ಮುಂದುವರಿಸಿದರೆ ಸಾಕು. ಒಂದು ತೋಳಿಗೆ 1 ಮಿಲಿ ಲಸಿಕೆ, ಇನ್ನೊಂದಕ್ಕೆ ಹೆಪಟೈಟಿಸ್ ಬಿ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು): ಕೆಜಿ ತೂಕಕ್ಕೆ 0.06 ಮಿಲಿ, ಆದಷ್ಟೂ 24 ಗಂಟೆಯೊಳಗೆ. ದುಬಾರಿ ಔಷಧ, ಎಲ್ಲ ಅಂಗಡಿಯಲ್ಲೂ ಇರುವುದಿಲ್ಲ. ಎಲ್ಲಿ ಸಿಗುತ್ತದೆ ಎಂಬುದು ಸೂಜಿ ಚುಚ್ಚುವ ಮೊದಲೇ ಗೊತ್ತಿರಬೇಕು.

ಲಸಿಕೆ ತೋಳಿಗೇ ಬೀಳಬೇಕು. ಕುಂಡೆಗೆ ಹಾಕಿದರೆ ಕೊಬ್ಬಿನಲ್ಲೇ ಉಳಿದು ಪರಿಣಾಮ ತಗ್ಗುತ್ತದೆ. ನಮ್ಮ ಕಡೆ ಇನ್ನೊಂದು ಪೀಡೆ: ಬಿಸಿಲಿಗೆ ಹೆದರಿ ಸೀಸೆಯನ್ನು ಐಸಿಗೆ ತಾಗಿಸಿಡುತ್ತಾರೆ. 2ರಿಂದ 8 ಡಿಗ್ರಿಯಲ್ಲಿರಬೇಕಾದ ಈ ಲಸಿಕೆ ಒಮ್ಮೆ ಹೆಪ್ಪುಗಟ್ಟಿತೆಂದರೆ ಎಸೆಯುವುದೊಂದೇ ದಾರಿ.

ಸಂಜೆ ಸಿಬ್ಬಂದಿಯ ರಿಜಿಸ್ಟರ್ ತೆರೆದರೆ ಟೈಟರ್ (ರಕ್ತದಲ್ಲಿನ ಪ್ರತಿಕಾಯದ ಮಟ್ಟ) ಬರೆಯಲು ಕಾಲಮ್ಮೇ ಇರಲಿಲ್ಲ. ಮೂರನೇ ಡೋಸಾದ 1–2 ತಿಂಗಳಿಗೆ ಈ ಮಟ್ಟ ಅಳೆಯುವ ಆಂಟಿ-ಎಚ್‌ಬಿಎಸ್ ಪರೀಕ್ಷೆ ಮಾಡಿಸಬೇಕು. 10 mIU/ml ಮುಟ್ಟಿದರೆ ಮುಂದೆ ಬೂಸ್ಟರ್ ಬೇಡ; ಮುಟ್ಟದಿದ್ದರೆ ಇನ್ನೊಂದು ಸುತ್ತು ಮೂರು ಡೋಸ್. ಸ್ಕೇಲು ಹಿಡಿದು ಕಾಲಮ್ ಎಳೆದೆವು. ಈ ಹುಡುಗಿಯ ಟೈಟರ್ ಮಾತ್ರ ಆರು ತಿಂಗಳು ತಡೆದೇ ನೋಡಬೇಕು. ಅದಕ್ಕೂ ಮೊದಲು ನೋಡಿದರೆ ಇಮ್ಯುನೊಗ್ಲಾಬ್ಯುಲಿನ್ ಕೊಟ್ಟ ಪ್ರತಿಕಾಯಗಳೇ ಕಾಣುತ್ತವೆ, ಅವಳ ಮೈ ತಯಾರಿಸಿದ್ದು ಎಷ್ಟೆಂದು ತಿಳಿಯದು.