ನಮ್ಮ ಬ್ಯಾಚಿನ ಗಣಿ ಮಾಡೆಲ್

ಫೈನಲ್ ಇಯರಲ್ಲಿ ಎಲ್ಲರೂ ಸೇತುವೆ, ಡ್ಯಾಮು ಅಂತ ತಗೊಂಡ್ರೆ ನಮ್ಮ ಗುಂಪು ಮಾತ್ರ ಗಣಿ ಮಾಡೆಲ್ ಮಾಡ್ತೀವಿ ಅಂತ ಹೆಸರು ಕೊಟ್ಟುಬಿಡ್ತು. ಲೈಬ್ರರಿಯಲ್ಲಿ ಸಿಕ್ಕ ಒಂದು ಫೋಟೋನೇ ಇದಕ್ಕೆಲ್ಲ ಕಾರಣ, ಜರ್ಮನಿಯ ಎಸೆನ್‌ನಲ್ಲಿರೋ ತ್ಸೋಲ್‌ಫರೈನ್ ಕಲ್ಲಿದ್ದಲು ಗಣಿಯ 12ನೇ ಶಾಫ್ಟ್, ಅಂದ್ರೆ ನೆಲದೊಳಗೆ ನೆಟ್ಟಗೆ ಇಳಿಯೋ ಗಣಿ ಬಾವಿ. 1932ರಲ್ಲಿ ಶುರುವಾಗಿ 1986ರಲ್ಲಿ ನಿಂತಿದ್ದು, 2001ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರ್ತು. ನಾವು ಹಿಡಿದಿದ್ದು 1:87 ಸ್ಕೇಲು, ಅಂದ್ರೆ ನಿಜದ 87 ಮೀಟರ್ ಮಾಡೆಲಲ್ಲಿ 1 ಮೀಟರ್, ಮಾಡೆಲ್ ರೈಲು ಮಾಡೋರು ಬಳಸೋದು ಅದೇ, ವ್ಯಾಗನ್‌ಗಳಾದ್ರೂ ರೆಡಿ ಸಿಗುತ್ವಲ್ಲ ಅನ್ನೋ ಸೋಮಾರಿ ಲೆಕ್ಕಾಚಾರ. ಶಾಫ್ಟ್ ಮೇಲಿನ ಚಕ್ರದ ಗೋಪುರ, ಅಂದ್ರೆ 55 ಮೀಟರ್ ಹೆಡ್‌ಗೇರ್, 63 ಸೆಂಟಿಮೀಟರಿಗೆ ಇಳೀತು, ಖುಷಿಯೋ ಖುಷಿ. ಹಾಗಾದ್ರೆ ನೆಲದ ಒಳಗಿನ ಭಾಗಾನೂ ತೋರಿಸೋಣ ಅಂತ ಒಬ್ಬ ಅಂದ. ಸರ್ ನಕ್ಬಿಟ್ರು. ಕೋಲಾರದ ಚಾಂಪಿಯನ್ ರೀಫ್ ಚಿನ್ನದ ಗಣಿ 3 ಕಿಲೋಮೀಟರ್‌ಗೂ ಜಾಸ್ತಿ ಆಳ ಕಣಯ್ಯ, ಅಂಥದ್ದನ್ನ ಈ ಸ್ಕೇಲಲ್ಲಿ ಮಾಡ್ಬೇಕಂದ್ರೆ ಟೇಬಲ್ ಕೆಳಗೆ 34 ಮೀಟರ್ ಗುಂಡಿ ತೋಡ್ಬೇಕು, ತೋಡ್ತೀಯಾ ಅಂದ್ರು.

ಹೆಡ್‌ಗೇರ್‌ಗೆ ಓರೆ ಕಾಲು ಯಾಕಿರುತ್ತೆ ಅಂತ ನಿಜವಾಗ್ಲೂ ಅರ್ಥ ಆಗಿದ್ದು ಅದನ್ನ ಕಟ್ಟುವಾಗ್ಲೇ. ಹಗ್ಗ ಶಾಫ್ಟಿಂದ ನೆಟ್ಟಗೆ ಮೇಲೆ ಬಂದು ಚಕ್ರ ಸುತ್ತಿ ಓರೆಯಾಗಿ ವೈಂಡರ್ (ಹಗ್ಗ ಸುತ್ತೋ ಯಂತ್ರ) ಮನೆಗೆ ಇಳಿಯುತ್ತೆ, ಅಂದ್ರೆ ಎರಡೂ ಎಳೆತ ಸೇರಿ ಗೋಪುರವನ್ನ ವೈಂಡರ್ ಕಡೆಗೇ ಬಗ್ಗಿಸುತ್ತೆ. ಬರೀ ನೆಟ್ಟನೆ ಕಂಬ ನಿಲ್ಸಿ ದಾರ ಎಳೆದು ನೋಡಿದ್ವಿ, ದಬಕ್ ಅಂತ ಬಿತ್ತು. ಓರೆ ಕಾಲು ಅಂಟಿಸಿದ್ಮೇಲೆ ಅದೇ ದಾರ ಎಷ್ಟು ಜಗ್ಗಿದ್ರೂ ಅಲ್ಲಾಡ್ಲಿಲ್ಲ. ಕ್ಲಾಸಲ್ಲಿ ಬೋರ್ಡ್ ಮೇಲೆ ಹಾಕೋ ಬಾಣದ ಗುರುತುಗಳಿಗಿಂತ ಆ ದಾರಾನೇ ಒಳ್ಳೆ ಮೇಷ್ಟ್ರು ಅನ್ನಿಸ್ತು ನನಗೆ. ಅಂದಹಾಗೆ ದಾರವನ್ನ ಹಾಗೇ ಕಟ್ಟಿದ್ರೆ ಅದರ ಜುಂಗು ಎದ್ದು ಕಾಣುತ್ತೆ, ಮೇಣದಬತ್ತಿಗೆ ಉಜ್ಜಿದ್ರೆ ಕೂತ್ಕೊಳ್ಳುತ್ತೆ, ಆಮೇಲೆ ಅದು ಸ್ಟೀಲ್ ರೋಪ್ ಥರಾನೇ.

ಜಾಗ ತಿಂದಿದ್ದು ಕನ್ವೇಯರ್, ಕಲ್ಲಿದ್ದಲು ಸಾಗಿಸೋ ಬೆಲ್ಟು. ಬೆಲ್ಟನ್ನ ತುಂಬ ಕಡಿದಾಗಿ ಹತ್ತಿಸೋ ಹಾಗಿಲ್ಲ, ಕಲ್ಲಿದ್ದಲು ವಾಪಸ್ ಜಾರುತ್ತೆ. 16 ಡಿಗ್ರಿ ಇಟ್ವಿ, 20 ಮೀಟರ್ ಎತ್ತರಕ್ಕೆ ನೆಲದ ಮೇಲೆ 70 ಮೀಟರ್ ಉದ್ದ ಬೇಕು, ಟೇಬಲ್ ಮೇಲೆ 80 ಸೆಂಟಿಮೀಟರ್ ಅದಕ್ಕೇ ಹೋಯ್ತು, ಮಿಕ್ಕ ಕಟ್ಟಡಗಳೆಲ್ಲ ಅದು ಬಿಟ್ಟ ಜಾಗದಲ್ಲಿ ಅಡ್ಜಸ್ಟ್ ಮಾಡ್ಕೋಬೇಕಾಯ್ತು. ನಿಜವಾದ ಗಣಿಯಲ್ಲೂ ಲೇಔಟ್ ಹೀಗೇ ಹುಟ್ಟೋದಂತೆ.

ಕಲ್ಲಿದ್ದಲ ರಾಶಿ ಮಾತ್ರ ಸಲೀಸು. ನಿಜವಾದ ಕಲ್ಲಿದ್ದಲನ್ನೇ ಕುಟ್ಟಿ, ಬಟ್ಟೇಲಿ ಜರಡಿ ಹಿಡಿದು ಮೇಲಿಂದ ಸುರಿದ್ವಿ, ಇಳಿಜಾರು ತಾನಾಗೇ ಬಂತು, ರಾಶಿ ಚಿಕ್ಕದಾದ್ರೂ ದೊಡ್ಡದಾದ್ರೂ ಆ ಕೋನ ಹೆಚ್ಚುಕಮ್ಮಿ ಅಷ್ಟೇ ಇರುತ್ತೆ. ನೀರು ಬೆರೆಸಿದ ಫೆವಿಕಾಲ್‌ಗೆ ಒಂದು ತೊಟ್ಟು ಪಾತ್ರೆ ತೊಳೆಯೋ ಸೋಪು ಹಾಕಿ ಹನಿಸಬೇಕು, ಸೋಪಿಲ್ದಿದ್ರೆ ಹನಿ ಪುಡಿ ಮೇಲೆ ಗುಂಡಗೆ ಉರುಳಾಡುತ್ತೆ, ಒಳಗಿಳಿಯಲ್ಲ.

ಬಣ್ಣದ ವಿಷಯಕ್ಕೆ ಗುಂಪಲ್ಲಿ ದೊಡ್ಡ ಜಗಳ. ಅರ್ಧ ಜನಕ್ಕೆ ಹೊಸದಾಗಿ ಫಳಫಳ ಅನ್ನಬೇಕು, ನನಗೆ ತುಕ್ಕು ಬೇಕು. ಕ್ಲೀನಾಗಿರೋ ಗಣಿ ಎಲ್ಲಾದ್ರೂ ಉಂಟಾ? ಕೊನೆಗೆ ಬೋಲ್ಟ್‌ಗಳ ಕೆಳಗೆ ಕಂದು ಗೆರೆ ಎಳೆದು ಚಾಕ್ ಪುಡಿ ಉಜ್ಜಿದ್ವಿ, ಎದುರು ಪಾರ್ಟಿಯೋರೂ ಸುಮ್ಮನಾದ್ರು.

ಎಕ್ಸಿಬಿಷನ್ ದಿನ ಬಂದೋರೆಲ್ಲ ಚಕ್ರ ತಿರುಗುತ್ತಾ, ಲೈಟ್ ಹತ್ತುತ್ತಾ ಅಂತಾನೇ ಕೇಳಿದ್ದು. ಸರ್ ಮಾತ್ರ ಕನ್ನಡಕ ಮೇಲೆತ್ತಿ ಮೆಟ್ಟಿಲ ಪಕ್ಕದ ಕಂಬಿ ನೋಡಿದ್ರು, 1 ಮೀಟರ್ ರೇಲಿಂಗು, ನಮ್ಮಲ್ಲಿ ಹನ್ನೊಂದೂವರೆ ಮಿಲಿಮೀಟರ್. ಜೇಬಿಂದ ಸ್ಕೇಲ್ ತೆಗೆದು ಅಳೆದ್ರು, ಏನೂ ಹೇಳ್ದೆ ಮುಂದಿನ ಟೇಬಲ್‌ಗೆ ಹೋದ್ರು. ಅವರು ಸುಮ್ಮನೆ ಹೋದ್ರು ಅಂದ್ರೆ ಪಾಸು ಅಂತ ನಮ್ಮ ಬ್ಯಾಚಿನೋರಿಗೆಲ್ಲ ಗೊತ್ತಿತ್ತು.