ಬೇವು-ಅರಿಶಿನದ ಮುಲಾಮು: ತಳದ ನೀರು ಕೊನೆಗೂ ಹೋಯಿತು

ನಾಲ್ಕನೇ ಪಾಕದ ಮುಲಾಮಿಗೆ ಇವತ್ತಿಗೆ ಇಪ್ಪತ್ತೊಂದು ದಿನ. ಡಬ್ಬಿಯ ತಳದಲ್ಲಿ ನೀರಿನ ಹನಿಯಿಲ್ಲ, ಅಂಚಿನಲ್ಲಿ ಬೂಷ್ಟಿಲ್ಲ! ಹಿಂದಿನ ಮೂರೂ ಹತ್ತು ದಿನದೊಳಗೆ ಕೆಟ್ಟಿದ್ದವು.

ಅಳತೆ ಬದಲಿಸಿಲ್ಲ. ಆಯುರ್ವೇದದಲ್ಲಿ ಮೂಲಿಕೆ ಹಾಕಿ ಎಣ್ಣೆ ಕಾಯಿಸುವ ತೈಲಪಾಕದ ಹಳೆಯ ಲೆಕ್ಕವೇ: ಕಲ್ಕ, ಅಂದರೆ ಅರೆದ ಮೂಲಿಕೆಯ ಮುದ್ದೆ, ಒಂದು ಪಾಲು, ಎಣ್ಣೆ ನಾಲ್ಕು, ದ್ರವ ಹದಿನಾರು. ಬೇವಿನ ಸೊಪ್ಪು, ಹಸಿ ಅರಿಶಿನ ಅರೆದದ್ದು 50 ಗ್ರಾಂ, ತಿಪಟೂರು ಕೊಬ್ಬರಿಯ ಗಾಣದೆಣ್ಣೆ 200 ಗ್ರಾಂ, ಬೇವಿನ ಕಷಾಯ 800 ಮಿ.ಲೀ. ತಪ್ಪಿದ್ದದ್ದು ಇಳಿಸುವ ಹೊತ್ತಿನಲ್ಲಿ. ಮೇಲಿನ ಎಣ್ಣೆ ತಿಳಿಯಾದ ಕೂಡಲೇ ಒಲೆ ಆರಿಸಿದರೆ ಕಲ್ಕದ ನಾರಿನೊಳಗೆ ನೀರು ಉಳಿದಿರುತ್ತದೆ. ಬಟ್ಟೆಗೆ ಹಾಕಿ ಹಿಂಡಿದಾಗ ಅದಷ್ಟೂ ಎಣ್ಣೆಗೇ ಇಳಿಯುತ್ತದೆ.

ಈ ಸಲ ಕಲ್ಕವನ್ನೇ ನಂಬಿದೆ. ಬೆರಳಲ್ಲಿ ಹೊಸೆದರೆ ಬತ್ತಿಯಾಗಬೇಕು, ಬತ್ತಿಯನ್ನು ಬೆಂಕಿಗೆ ಹಿಡಿದರೆ ಚಟಚಟ ಅನ್ನಬಾರದು, ಎಣ್ಣೆಯ ಮೇಲೆ ಸಣ್ಣ ನೊರೆ ಏಳಬೇಕು. ಥರ್ಮಾಮೀಟರ್ ಇಟ್ಟು ನೋಡಿದರೆ ಕಾರಣ ತಿಳಿಯುತ್ತದೆ: ನೀರಿರುವಷ್ಟು ಹೊತ್ತು ಶಾಖ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ, ನೀರು ತೀರಿದ ಮೇಲೆ ಸರಸರ ಏರುತ್ತದೆ. ಆ ಏರಿಕೆ ಶುರುವಾದಾಗ ಉರಿ ಸಣ್ಣದು ಮಾಡಿ, ಚಪ್ಪಟೆ ಸಟ್ಟುಗದಲ್ಲಿ ತಳ ಕೆರೆಯುತ್ತಲೇ ಇರಬೇಕು. ಕೈ ನಿಂತರೆ ತಳದ ಕಲ್ಕ ಸೀದು, ಮೇಲಿನದು ಇನ್ನೂ ಹಸಿಯಾಗಿರುತ್ತದೆ. ಎರಡನೇ ಪಾಕ ಕಂದಾಗಿ ಕಮಟು ಹೊಡೆದದ್ದು ಹಾಗೆಯೇ.

ಜೇನುಮೇಣ 100 ಗ್ರಾಂ ಎಣ್ಣೆಗೆ 20 ಗ್ರಾಂ. ಕಡಿಮೆಯಾದರೆ ನಮ್ಮ ಏಪ್ರಿಲ್ ಬಿಸಿಲಿಗೆ ಡಬ್ಬಿಯಲ್ಲೇ ಕರಗುತ್ತದೆ. ಶುದ್ಧ ಮೇಣ ಕರಗುವುದು 62ರಿಂದ 64 ಡಿಗ್ರಿಗೆ. ತುಮಕೂರಿನ ಅಂಗಡಿಯೊಂದರಿಂದ ತಂದದ್ದು 55ಕ್ಕೇ ನೀರಾಯಿತು. ಪೆಟ್ರೋಲಿಯಂ ಮೇಣವಾದ ಪ್ಯಾರಾಫಿನ್ ಬೆರೆಸಿ ಜೇನುಮೇಣದ ಬೆಲೆ ಕೇಳುವುದು ಮೋಸವೇ.

ಇದರಿಂದ ತುರಿಕೆ ಹೋಗುತ್ತದೆಯೇ? ಕಜ್ಜಿಗೆ ಬೇವು-ಅರಿಶಿನದ ಲೇಪ ಹಚ್ಚಿದ 814 ಜನರಲ್ಲಿ ಶೇ. 97 ಮಂದಿಗೆ 3ರಿಂದ 15 ದಿನದಲ್ಲಿ ಗುಣವಾಯಿತೆಂದು 1992ರ ವರದಿ ಹೇಳುತ್ತದೆ. ಆದರೆ ಲೇಪ ಹಚ್ಚದ ಗುಂಪನ್ನು ಪಕ್ಕದಲ್ಲಿಟ್ಟು ಹೋಲಿಸಿರಲಿಲ್ಲ. ಅದೂ ಲೇಪ, ಮುಲಾಮಲ್ಲ. ಆದ್ದರಿಂದ ಕಜ್ಜಿಗೆ ಇದನ್ನು ಯಾರಿಗೂ ಕೊಡುವುದಿಲ್ಲ; ಅದಕ್ಕೆ ವೈದ್ಯರು ಕೊಡುವ ಪರ್ಮೆಥ್ರಿನ್ ಇದೆ, ಮನೆಮಂದಿಯೆಲ್ಲ ಒಟ್ಟಿಗೆ ಹಚ್ಚಬೇಕು. ಒಣಚರ್ಮದ ತುರಿಕೆಗೆ ಮಾತ್ರ ಇದು, ಅದೂ ಮೊದಲು ಮೊಣಕೈ ಒಳಬದಿಗೆ ಹಚ್ಚಿ ಎರಡು ದಿನ ನೋಡಿ. ಅರಿಶಿನವೂ ಕೆಲವರಿಗೆ ಒಗ್ಗುವುದಿಲ್ಲ.

ಗಟ್ಟಿ ಪುರಾವೆ ಇರುವುದು ತೆಂಗಿನೆಣ್ಣೆಗೇ. ಎಕ್ಸಿಮಾ (ಚರ್ಮ ಒಣಗಿ ತುರಿಸುವ ಉರಿಯೂತ) ಇದ್ದ 117 ಮಕ್ಕಳ ಮೇಲೆ ಎಂಟು ವಾರ ನಡೆದ, 2014ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದು ಮಿನರಲ್ ಆಯಿಲ್‌ಗಿಂತ ಮೇಲಾಯಿತು. ಅಲ್ಲಿ ಬಳಸಿದ್ದು ವರ್ಜಿನ್ ಎಣ್ಣೆ, ಅಂದರೆ ಹಸಿಕಾಯಿಯಿಂದ ತೆಗೆದದ್ದು, ಕೊಬ್ಬರಿಯದಲ್ಲ. ಹಾಗಾಗಿ ಮುಂದಿನ ಕೆಲಸ ಹಸಿಕಾಯಿ ಹಾಲಿನದು: ಹತ್ತು ಕಾಯಿ ತುರಿದು, ಹಾಲು ಹಿಂಡಿ, ರಾತ್ರಿಯಿಡೀ ಬಿಟ್ಟು, ಮೇಲೆ ನಿಂತ ಎಣ್ಣೆ ತೆಗೆಯುವುದು. ಅದನ್ನು ಕುದಿಸದೆ ಮೇಣದೊಂದಿಗೆ ಕೂಡಿಸಬೇಕು, ಅಂದರೆ ನೀರಿನ ತಕರಾರು ಮತ್ತೆ ಮೊದಲಿನಿಂದ.