ಸೇನಾ ಪೈಲಟ್ ಆಗಬೇಕೆಂಬ ಮಗುವಿಗೆ ವೇವರ್ ಸಿಗುತ್ತದೆಯೇ?

ಅಮೆರಿಕದ ವಾಯುನೆಲೆಯೊಂದರಲ್ಲಿ ಫ್ಲೈಟ್ ಸರ್ಜನ್ ಆಗಿದ್ದು ನಿವೃತ್ತನಾದವನು ನಾನು. ಹೆಸರಿನಲ್ಲಿ ಸರ್ಜನ್ ಎಂದಿದ್ದರೂ ಇದು ಕತ್ತರಿ ಹಿಡಿಯುವ ಕೆಲಸವಲ್ಲ. ಹಾರುವವರ ದೇಹ ಹಾರಾಟವನ್ನು ತಾಳುತ್ತದೆಯೇ ಎಂದು ನೋಡುವ ಕೆಲಸ. ಕೆಲಸ ಬಿಟ್ಟು ವರ್ಷಗಳಾದರೂ ಒಂದು ಪ್ರಶ್ನೆ ಮಾತ್ರ ನನ್ನನ್ನು ಬಿಟ್ಟಿಲ್ಲ. ಅದನ್ನು ಕೇಳುವವರು ಹದಿನೇಳು, ಹದಿನೆಂಟು ವಯಸ್ಸಿನ ಮಕ್ಕಳು. ಅವರಿಗಿಂತ ಹೆಚ್ಚಾಗಿ ಅವರ ತಂದೆ ತಾಯಿ. "ಡಾಕ್ಟರೇ, ಮಗನಿಗೆ ಚಿಕ್ಕಂದಿನಲ್ಲಿ ಉಬ್ಬಸವಿತ್ತು, ಈಗ ಏನೂ ಇಲ್ಲ. ಏರ್‌ಫೋರ್ಸ್ ಪೈಲಟ್ ಆಗಬೇಕು ಅನ್ನುತ್ತಾನೆ. ವೇವರ್ ಸಿಗುತ್ತದೆಯೇ?" ವೇವರ್ ಎಂದರೆ ವೈದ್ಯಕೀಯ ನಿಯಮದ ಪ್ರಕಾರ ಅನರ್ಹರಾದವರಿಗೂ ಸೇನೆ ಕೊಡುವ ಒಪ್ಪಿಗೆ. ಒಬ್ಬರ ಬಾಯಲ್ಲಿ ಉಬ್ಬಸವಿದ್ದ ಕಡೆ ಇನ್ನೊಬ್ಬರ ಬಾಯಲ್ಲಿ ದಪ್ಪ ಕನ್ನಡಕವೋ, ಒಮ್ಮೆ ಬಂದು ಹೋದ ಫಿಟ್ಸೋ, ಗಮನ ಒಂದೆಡೆ ನಿಲ್ಲದ ತೊಂದರೆಗೆ ಕೊಡುವ ಎಡಿಎಚ್‌ಡಿ ಮಾತ್ರೆಯೋ ಇರುತ್ತದೆ. ಕೊನೆಯ ವಾಕ್ಯ ಮಾತ್ರ ಬದಲಾಗುವುದಿಲ್ಲ.

ಈ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂಬ ಉತ್ತರವನ್ನು ನಾನು ಕೊಡುವುದಿಲ್ಲ. ಅದು ಜಾಣತನದ ಜಾರಿಕೆಯಲ್ಲ. ವೇವರ್ ಎಂದರೆ ಯಾರೋ ದೊಡ್ಡವರು ಮನಸ್ಸು ಮಾಡಿ ಕೊಡುವ ರಿಯಾಯಿತಿ ಎಂದು ಬಹಳ ಜನ ತಿಳಿದಿದ್ದಾರೆ; ಹಾಗಾಗಿ ಯಾರನ್ನು ಹಿಡಿದರೆ ಆದೀತು ಎಂಬುದು ಅವರ ಎರಡನೆಯ ಪ್ರಶ್ನೆಯಾಗಿರುತ್ತದೆ. ವಾಸ್ತವದಲ್ಲಿ ಅದು ಕಾಗದದ ಮೇಲೆ ಮಾಡುವ ಅಪಾಯದ ಲೆಕ್ಕ. ಈ ದೇಹಸ್ಥಿತಿಯಿರುವ ಈ ವ್ಯಕ್ತಿ ಕಾಕ್‌ಪಿಟ್‌ನಲ್ಲಿ ಕುಳಿತರೆ ಏನಾದೀತು, ಏನಾಗದು ಎಂಬುದನ್ನು ದಾಖಲೆಗಳಿಂದ ತೋರಿಸಲು ಸಾಧ್ಯವಾದರೆ, ಆ ಉಳಿದ ಅಪಾಯವನ್ನು ಸೇನೆಯೇ ತನ್ನ ಮೇಲೆ ಹೊತ್ತುಕೊಳ್ಳುತ್ತೇನೆಂದು ಬರೆದು ಸಹಿ ಹಾಕುತ್ತದೆ. ಲೆಕ್ಕಕ್ಕೆ ಬೇಕಾದ ಅಂಕಿಗಳು ನಿಮ್ಮ ಕಡತದಲ್ಲಿ ಇಲ್ಲದಿದ್ದರೆ ಎಷ್ಟು ಒಳ್ಳೆಯ ಮನಸ್ಸಿನ ಅಧಿಕಾರಿಯಿದ್ದರೂ ಸಹಿ ಬೀಳುವುದಿಲ್ಲ.

ದಾಟಬೇಕಾದ ಬಾಗಿಲುಗಳು ಎರಡು ಎಂಬುದು ಎಷ್ಟೋ ಮಂದಿಗೆ ಗೊತ್ತಿರುವುದಿಲ್ಲ. ಮೊದಲನೆಯದು ಸೇನೆಯನ್ನು ಸೇರುವ ಬಾಗಿಲು. ಅದರ ಅಳತೆಗೋಲನ್ನು ಅಮೆರಿಕದ ರಕ್ಷಣಾ ಇಲಾಖೆಯ 6130.03 ಸಂಖ್ಯೆಯ ಆದೇಶದಲ್ಲಿ ಬರೆದಿಟ್ಟಿದ್ದಾರೆ. ಸೇನಾ ಅಕಾಡೆಮಿಗಳಿಗೂ ಕಾಲೇಜಿನ ಓದಿನ ಜೊತೆಗೇ ಸೇನಾಧಿಕಾರಿಗಳನ್ನು ತಯಾರು ಮಾಡುವ ಆರ್‌ಒಟಿಸಿ ವಿದ್ಯಾರ್ಥಿವೇತನಕ್ಕೂ ಅರ್ಜಿ ಹಾಕುವವರ ಕಡತವನ್ನು ಡಾಡ್‌ಮರ್ಬ್ ಎಂಬ ವೈದ್ಯಕೀಯ ಪರಿಶೀಲನಾ ಮಂಡಳಿ ನೋಡುತ್ತದೆ. ಅದು ಅರ್ಹ ಅಥವಾ ಅನರ್ಹ ಎಂದಷ್ಟೇ ಹೇಳುತ್ತದೆ, ಬೇಕೆನಿಸಿದರೆ ಹೆಚ್ಚಿನ ವರದಿ ಕೇಳುತ್ತದೆ. ವೇವರ್ ಕೊಡುವ ಅಧಿಕಾರ ಅದಕ್ಕಿಲ್ಲ. ಆ ಅಧಿಕಾರ ಆಯಾ ಸೇನೆಯದು. ಅಭ್ಯರ್ಥಿಯ ಬಗ್ಗೆ ಆಸಕ್ತಿಯಿರುವ ಅಕಾಡೆಮಿಯೋ ಆರ್‌ಒಟಿಸಿಯೋ ಆ ಪ್ರಕ್ರಿಯೆಯನ್ನು ಆರಂಭಿಸಬೇಕು. ಆದ್ದರಿಂದ "ಅನರ್ಹ" ಎಂಬ ಪತ್ರ ಮನೆಗೆ ಬಂದ ದಿನ ಅಡುಗೆಮನೆಯಲ್ಲಿ ಕುಳಿತು ಅಳುವ ಅಗತ್ಯವಿಲ್ಲ. ಅನರ್ಹ ಎನ್ನಿಸಿಕೊಳ್ಳದೆ ವೇವರ್‌ನ ಮಾತೇ ಏಳುವುದಿಲ್ಲ.

ಎರಡನೆಯದು ಹಾರಾಟದ ಬಾಗಿಲು, ಮೊದಲನೆಯದಕ್ಕಿಂತ ಬಹಳ ಕಿರಿದು. ಸೇನಾಧಿಕಾರಿಯಾಗಲು ಯೋಗ್ಯನಾದವನು ಪೈಲಟ್ ಆಗಲು ಯೋಗ್ಯನಾಗಿರಬೇಕೆಂದಿಲ್ಲ. ವಾಯುಪಡೆಗೆ ಇದರ ವಿಶೇಷ ಪರೀಕ್ಷೆಗಳು ಓಹಾಯೋದ ರೈಟ್ ಪ್ಯಾಟರ್‌ಸನ್ ನೆಲೆಯಲ್ಲಿ ನಡೆಯುತ್ತವೆ. ನೌಕಾಪಡೆಯ ತೀರ್ಮಾನ ಫ್ಲಾರಿಡಾದ ಪೆನ್ಸಕೋಲಾದಲ್ಲಿರುವ ಅದರ ವೈಮಾನಿಕ ವೈದ್ಯಕೀಯ ಸಂಸ್ಥೆಯಿಂದ ಬರುತ್ತದೆ. ಎರಡೂ ಸೇನೆಗಳು ತಮ್ಮ ವೇವರ್ ಕೈಪಿಡಿಗಳನ್ನು ಸಾರ್ವಜನಿಕರು ಓದಲೆಂದೇ ತೆರೆದಿಟ್ಟಿವೆ. ಗಾಳಿಸುದ್ದಿಗೆ ಕಿವಿಗೊಡುವ ಮೊದಲು ಅವುಗಳಲ್ಲಿ ನಿಮ್ಮ ಕಾಯಿಲೆಯ ಅಧ್ಯಾಯವನ್ನು ಒಮ್ಮೆ ಓದಿ. ಭಾಷೆ ಒಣಕಲು, ಆದರೆ ಸತ್ಯ.

ನೆಲದ ಮೇಲೆ ಗಟ್ಟಿಮುಟ್ಟಾಗಿ ಓಡಾಡುವ ಹುಡುಗನನ್ನು ಸಣ್ಣದೊಂದು ದೋಷಕ್ಕಾಗಿ ತಡೆಯುವುದೇಕೆ ಎಂಬ ಸಿಟ್ಟು ಸಹಜವಾದದ್ದೇ. ಯುದ್ಧವಿಮಾನ ಬಿರುಸಾಗಿ ತಿರುಗುವಾಗ ದೇಹದ ಮೇಲೆ ಭೂಮಿಯ ಸೆಳೆತದ ಒಂಬತ್ತು ಪಟ್ಟು ಭಾರ ಬೀಳಬಹುದು. ತಲೆ ಮತ್ತು ಹೆಲ್ಮೆಟ್ ಸೇರಿ ಆರು ಕೆಜಿ ಎಂದಿಟ್ಟುಕೊಂಡರೆ ಆ ಕ್ಷಣದಲ್ಲಿ ಕುತ್ತಿಗೆ ಹೊರುವುದು 54 ಕೆಜಿ; ಅದೂ ಪೈಲಟ್ ಹಿಂದೆ ಯಾರಿದ್ದಾರೆಂದು ತಿರುಗಿ ನೋಡುತ್ತಿರುವಾಗ. ರಕ್ತ ಕಾಲಿನ ಕಡೆ ಇಳಿದು, ಮಿದುಳಿಗೆ ಏರಲಾರದೆ, ಮೊದಲು ಬಣ್ಣ ಮಾಸಿ ಆಮೇಲೆ ಕಣ್ಣು ಕತ್ತಲಿಟ್ಟು ಕೊನೆಗೆ ಎಚ್ಚರವೇ ತಪ್ಪಬಹುದು. ಇನ್ನು ಎತ್ತರದ ಮಾತು. ಸುಮಾರು 5,500 ಮೀಟರ್ ಮೇಲೆ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕೆ ಇಳಿಯುತ್ತದೆ, ಎಂದರೆ ದೇಹದೊಳಗೆ ಎಲ್ಲಿಯಾದರೂ ಸಿಕ್ಕಿಹಾಕಿಕೊಂಡ ಗಾಳಿ ಹೆಚ್ಚುಕಡಿಮೆ ಎರಡರಷ್ಟು ಜಾಗ ಕೇಳುತ್ತದೆ. ನೆಗಡಿಯಾದಾಗ ವಿಮಾನವೇರಿ ಕಿವಿ ಹಿಡಿದುಕೊಂಡವರಿಗೆ ಇದರ ರುಚಿ ಗೊತ್ತು. ಶ್ವಾಸಕೋಶದ ಮೇಲೊಂದು ಗಾಳಿಗುಳ್ಳೆ ಇದ್ದವನಿಗೆ ಅದೇ ಜೀವದ ಪ್ರಶ್ನೆಯಾಗುತ್ತದೆ. ಕಾರಣ ತಿಳಿಯದೆ ತಾನಾಗಿ ಶ್ವಾಸಕೋಶ ಕುಸಿದ ಚರಿತ್ರೆಯನ್ನು ವೈದ್ಯರು ಅಷ್ಟು ಗಂಭೀರವಾಗಿ ತೆಗೆದುಕೊಳ್ಳುವುದು ಅದಕ್ಕೇ.

ಹೀಗಾಗಿ ವೇವರ್ ಬರೆಯುವ ವೈದ್ಯ ಕಾಯಿಲೆಯ ಹೆಸರಿಗಿಂತ ಅದರ ನಡತೆಯನ್ನು ನೋಡುತ್ತಾನೆ. ಇದು ಹಠಾತ್ತನೆ ಪೈಲಟ್‌ನನ್ನು ಕೆಡವೀತೇ? ಕೆಡವದಿದ್ದರೂ ಸದ್ದಿಲ್ಲದೆ ಅವನ ಗಮನವನ್ನೋ ತೀರ್ಮಾನಶಕ್ತಿಯನ್ನೋ ಮಂಕಾಗಿಸೀತೇ? ಸ್ಥಿತಿ ಒಂದು ಹದಕ್ಕೆ ಬಂದು ನಿಂತಿದೆಯೇ, ಹಾರಾಟದ ಒತ್ತಡದಲ್ಲೂ ಹಾಗೆಯೇ ನಿಂತೀತೇ? ಮರುಕಳಿಸುವುದಾದರೆ ಮೊದಲ ಲಕ್ಷಣ ಸುಲಭವಾಗಿ ಗೊತ್ತಾಗುವಂಥದೇ, ಅಥವಾ ಮೊದಲ ಲಕ್ಷಣವೇ ಅಪಘಾತವೇ? ನಿಗಾ ಇಡಲು ಅಪರೂಪದ ಪರೀಕ್ಷೆಗಳು, ಪದೇ ಪದೇ ರಜೆ ಬೇಕೇ? ಈ ಪ್ರಶ್ನೆಗಳನ್ನು ನೀವೇ ನಿಮ್ಮ ಮಗನ ಅಥವಾ ಮಗಳ ಕಾಯಿಲೆಗೆ ಕೇಳಿ ನೋಡಿ. ನನ್ನನ್ನು ಕೇಳುವ ಅಗತ್ಯ ಅರ್ಧದಷ್ಟು ಕಡಿಮೆಯಾಗುತ್ತದೆ.

ಉಬ್ಬಸದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಅಲ್ಲಿ ನಿಜವಾದ ಕಾಯಿಲೆಗಿಂತ ಒಂದು ಪದ ಹೆಚ್ಚು ಹಾನಿ ಮಾಡುವುದನ್ನು ಕಂಡಿದ್ದೇನೆ. ಹದಿಮೂರನೆಯ ಹುಟ್ಟುಹಬ್ಬದ ನಂತರ ಅಸ್ತಮಾ ಇದ್ದರೆ ಅದು ಅನರ್ಹತೆ. ನನ್ನ ಬಳಿ ಬಂದ ಹುಡುಗನೊಬ್ಬನಿಗೆ ಹದಿನಾಲ್ಕನೆಯ ವಯಸ್ಸಿನಲ್ಲಿ ಕೆಮ್ಮು ಹಿಡಿದು ಮೂರು ವಾರ ಬಿಟ್ಟಿರಲಿಲ್ಲ. ರಾತ್ರಿ ಹೊತ್ತು ತೆರೆದಿದ್ದ ಚಿಕಿತ್ಸಾಲಯದ ವೈದ್ಯರು ಇನ್‌ಹೇಲರ್ ಬರೆದುಕೊಟ್ಟು, ಔಷಧಕ್ಕೊಂದು ಕಾರಣ ಬೇಕಲ್ಲ ಎಂದು ಕಂಪ್ಯೂಟರಿನಲ್ಲಿ "ಅಸ್ತಮಾ" ಎಂದು ಒತ್ತಿದ್ದರು. ಹುಡುಗ ಆ ಇನ್‌ಹೇಲರನ್ನು ನಾಲ್ಕು ಸಲ ಎಳೆದಿದ್ದಿರಬೇಕು. ಮುಂದಿನ ಪ್ರತಿ ವೈದ್ಯರೂ ಹಿಂದಿನ ಪುಟ ನೋಡಿ ಅದೇ ಪದವನ್ನು ನಕಲು ಮಾಡಿದರು. ಅವನು ಶಾಲೆಯ ತಂಡದಲ್ಲಿ ದೂರದ ಓಟಗಾರನಾಗಿದ್ದ ಎಂಬುದು ಯಾವ ಪುಟದಲ್ಲೂ ಇರಲಿಲ್ಲ.

ಇಂಥವರಿಗೆ ದಾರಿಯೆಂದರೆ ಮೆಥಾಕೋಲಿನ್ ಪರೀಕ್ಷೆ. ಮೂಗಿಗೆ ಕ್ಲಿಪ್ ಹಾಕಿ ಕೂರಿಸಿ, ಎದೆತುಂಬ ಗಾಳಿ ಎಳೆದು ಒಂದೇ ಬಾರಿಗೆ ಜೋರಾಗಿ ಊದಿಸುತ್ತಾರೆ. ಮೊದಲ ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬಂತೆಂದು ಯಂತ್ರ ಬರೆದುಕೊಳ್ಳುತ್ತದೆ. ಆಮೇಲೆ ಶ್ವಾಸನಾಳವನ್ನು ಬಿಗಿಯಿಸುವ ಮೆಥಾಕೋಲಿನ್ ಅನ್ನು ಮಂಜಿನಂತೆ ಒಳಗೆ ಎಳೆಯಲು ಕೊಟ್ಟು, ಪ್ರಮಾಣವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಾ, ಪ್ರತಿ ಮೆಟ್ಟಿಲಿಗೂ ಮತ್ತೆ ಊದಿಸುತ್ತಾರೆ. ಅಸ್ತಮಾ ಇರುವವರಲ್ಲಿ ಕಡಿಮೆ ಪ್ರಮಾಣಕ್ಕೇ ಆ ಅಂಕಿ ಶೇಕಡಾ 20ರಷ್ಟು ಕುಸಿಯುತ್ತದೆ. ಈ ಹುಡುಗನದು ಕೊನೆಯ ಮೆಟ್ಟಿಲಿನಲ್ಲೂ ಕದಲಲಿಲ್ಲ. ಆ ಹಾಳೆಯ ಜೊತೆಗೆ ಔಷಧ ಅಂಗಡಿಯ ದಾಖಲೆಯೂ ಹೋಯಿತು: ಒಂದು ಇನ್‌ಹೇಲರ್, ಒಂದೇ ಸಲ, ಮರುಭರ್ತಿ ಇಲ್ಲ. ಅವನ ಪರವಾಗಿ ಮಾತನಾಡಿದ್ದು ಆ ಎರಡು ಕಾಗದಗಳು. ಅವನ ತಂದೆ ಊರಿನ ಗಣ್ಯರಿಂದ ತಂದಿದ್ದ ಮೂರು ಶಿಫಾರಸು ಪತ್ರಗಳು ಲಕೋಟೆಯಲ್ಲೇ ಉಳಿದವು.

ಕಣ್ಣಿನ ವಿಷಯಕ್ಕೆ ಬಂದರೆ, ಕನ್ನಡಕ ಹಾಕಿದವರು ಹಾರಲಾರರು ಎಂಬ ಹಳೆಯ ನಂಬಿಕೆ ಇನ್ನೂ ಸತ್ತಿಲ್ಲ. ಒಂದು ಮಿತಿಯೊಳಗೆ ಕನ್ನಡಕಕ್ಕೆ ಅಡ್ಡಿಯಿಲ್ಲ. ಲೇಸರಿನಿಂದ ಕಣ್ಣಿನ ನಂಬರು ಸರಿಪಡಿಸುವ ಲೇಸಿಕ್ ಬಗ್ಗೆ ಅಮೆರಿಕದ ವಾಯುಪಡೆಗೆ ಬಹುಕಾಲ ಅನುಮಾನವಿತ್ತು. ಆ ಶಸ್ತ್ರಚಿಕಿತ್ಸೆಯಲ್ಲಿ ಕಾರ್ನಿಯಾದ ಮೇಲ್ಪದರವನ್ನು ಮುಚ್ಚಳದಂತೆ ಎತ್ತಿ ಮತ್ತೆ ಮುಚ್ಚುವುದರಿಂದ, ವಿಮಾನದಿಂದ ಹೊರಚಿಮ್ಮುವಾಗ ಮುಖಕ್ಕೆ ಬಡಿಯುವ ಗಾಳಿಗೆ ಆ ಮುಚ್ಚಳ ಸರಿದೀತೇ ಎಂಬ ಭಯ. ಅಧ್ಯಯನಗಳು ಆ ಭಯವನ್ನು ತಗ್ಗಿಸಿದ ಮೇಲೆ 2007ರಲ್ಲಿ ನಿಯಮ ಸಡಿಲವಾಯಿತು. ಮುಚ್ಚಳವೇ ಇಲ್ಲದ ಪಿಆರ್‌ಕೆ ವಿಧಾನಕ್ಕೆ ಒಪ್ಪಿಗೆ ಮೊದಲೇ ಇತ್ತು. ಹಾಗೆಂದು ಹದಿನೆಂಟು ತುಂಬಿದ ಮರುದಿನವೇ ಮಗುವನ್ನು ಲೇಸರಿನ ಕೆಳಗೆ ಮಲಗಿಸಬೇಡಿ. ಕಣ್ಣಿನ ನಂಬರು ಇನ್ನೂ ಏರುತ್ತಿರುವಾಗ ಮಾಡಿಸಿದರೆ ಹಣವೂ ಹೋಯಿತು, ಅವಕಾಶವೂ ಹೋಯಿತು. ಸೇನೆ ನೋಡುವುದು ಇವತ್ತಿನ ಕಣ್ಣನ್ನು ಮಾತ್ರವಲ್ಲ, ಶಸ್ತ್ರಚಿಕಿತ್ಸೆಗೆ ಮುಂಚಿನ ಕಣ್ಣನ್ನೂ. ಸೇನೆ ಸೇರುವ ನಿಯಮದಲ್ಲೇ ಮೊದಲಿನ ನಂಬರು 8 ಡಯಾಪ್ಟರ್ ಮೀರಿರಬಾರದು ಮತ್ತು ಶಸ್ತ್ರಚಿಕಿತ್ಸೆಯಾಗಿ ಕನಿಷ್ಠ 180 ದಿನ ಕಳೆದಿರಬೇಕು ಎಂದಿದೆ. ನಂಬರು ಸರಿಹೋದ ಖುಷಿಯಲ್ಲಿ ಹಳೆಯ ಕನ್ನಡಕದ ಚೀಟಿಯನ್ನು ಕಸಕ್ಕೆ ಹಾಕಿ, ಎರಡು ವರ್ಷದ ನಂತರ ಅದಕ್ಕಾಗಿ ಮುಚ್ಚಿಹೋದ ಕನ್ನಡಕದ ಅಂಗಡಿಯ ಮಾಲೀಕರನ್ನು ಹುಡುಕಿಕೊಂಡು ಹೋದವರನ್ನು ನಾನು ಬಲ್ಲೆ.

ಬಣ್ಣ ಗುರುತಿಸುವಲ್ಲಿ ದೋಷವಿದ್ದರೆ, ಕಹಿಯಾದರೂ ಹೇಳಿಬಿಡುತ್ತೇನೆ: ಪೈಲಟ್ ಆಗಲು ಹೊರಟವರಿಗೆ ಅಲ್ಲಿ ಆಶೆ ಬಹಳ ಕಡಿಮೆ. ಕಾರ್ನಿಯಾ ಕೋನಾಕಾರಕ್ಕೆ ತಿರುಗುತ್ತಾ ತೆಳುವಾಗುವ ಕೆರಟೋಕೋನಸ್‌ಗೂ ಹಾಗೆಯೇ. ಎಡಿಎಚ್‌ಡಿಯಲ್ಲಿ ರೋಗನಾಮಕ್ಕಿಂತ ಔಷಧ ನಿಲ್ಲಿಸಿ ಎಷ್ಟು ಕಾಲವಾಯಿತು, ನಿಂತ ಮೇಲೆ ಓದು ಹೇಗೆ ಸಾಗಿತು ಎಂಬುದು ಮುಖ್ಯ. ಆದರೆ ಅರ್ಜಿಯ ದಿನಾಂಕ ನೋಡಿಕೊಂಡು ಮಾತ್ರೆ ನಿಲ್ಲಿಸುವ ಸಾಹಸವನ್ನು ಮಗುವಿನ ವೈದ್ಯರ ಬೆನ್ನ ಹಿಂದೆ ಯಾರೂ ಮಾಡಬಾರದು.

"ನನ್ನ ಸಹೋದ್ಯೋಗಿಯ ಅಣ್ಣನಿಗೂ ಇದೇ ಕಾಯಿಲೆ, ಅವನು ಹಾರುತ್ತಿದ್ದಾನಲ್ಲ?" ಎಂದು ಕೇಳುವವರಿದ್ದಾರೆ. ಆತ ಹಾರುತ್ತಿರಬಹುದು. ವಾಯುಪಡೆಯಲ್ಲಿ ತರಬೇತಿಗೆ ಸೇರುವವರಿಗೆ ಒಂದು ದರ್ಜೆಯ ಅಳತೆ, ಈಗಾಗಲೇ ತರಬೇತಿ ಮುಗಿಸಿ ರೆಕ್ಕೆ ಪಡೆದವರಿಗೆ ಇನ್ನೊಂದು ದರ್ಜೆಯದು. ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆಯ 2019ರ ವರದಿಯ ಪ್ರಕಾರ ಎಫ್-16 ಯುದ್ಧವಿಮಾನದ ಪೈಲಟ್ ಒಬ್ಬನನ್ನು ಮೂಲ ಅರ್ಹತೆಯವರೆಗೆ ತಯಾರು ಮಾಡಲು ಸುಮಾರು 56 ಲಕ್ಷ ಡಾಲರ್, ಎಫ್-22 ಆದರೆ 109 ಲಕ್ಷ ಡಾಲರ್ ಬೇಕು. ಅಷ್ಟು ಹಣ ಸುರಿದ, ಸಾವಿರಾರು ಗಂಟೆ ಹಾರಿದ ಅನುಭವಿಗಾಗಿ ಹೊರುವ ಅಪಾಯವನ್ನು ಇನ್ನೂ ವಿಮಾನವನ್ನೇ ಮುಟ್ಟದವನಿಗಾಗಿ ಹೊರುವುದಿಲ್ಲ. ಅನುಭವಿಗೂ ಅದು ಸಲೀಸಲ್ಲ. ಅಮೆರಿಕದ ಮೊದಲ ಏಳು ಗಗನಯಾತ್ರಿಗಳಲ್ಲಿ ಒಬ್ಬರಾದ ಡೀಕ್ ಸ್ಲೇಟನ್ ವಾಯುಪಡೆಯ ಪರೀಕ್ಷಾ ಪೈಲಟ್. ಹೃದಯದ ಬಡಿತ ಆಗಾಗ ಲಯ ತಪ್ಪುತ್ತಿದ್ದ ಕಾರಣಕ್ಕೆ, ಅವರು ಕಕ್ಷೆಗೆ ಹೋಗಬೇಕಿದ್ದ ಕೆಲವೇ ವಾರಗಳ ಮುಂಚೆ, 1962ರಲ್ಲಿ ಅವರನ್ನು ನೆಲಕ್ಕಿಳಿಸಿದರು. ಹತ್ತು ವರ್ಷ ಮೇಜಿನ ಹಿಂದೆ ಕುಳಿತು ಬೇರೆಯವರನ್ನು ಕಳಿಸುತ್ತಿದ್ದ ಅವರಿಗೆ ವೈದ್ಯರು ಮತ್ತೆ ಅನುಮತಿ ಕೊಟ್ಟದ್ದು 1972ರಲ್ಲಿ. ಅವರು ಬಾಹ್ಯಾಕಾಶಕ್ಕೆ ಹೋದದ್ದು 1975ರ ಜುಲೈನಲ್ಲಿ, 51ನೆಯ ವಯಸ್ಸಿನಲ್ಲಿ.

ಹೇಳದೆ ಬಿಟ್ಟರಾಯಿತು ಎಂಬ ಸಲಹೆ ಕೊಡುವವರು ಪ್ರತಿ ಊರಿನಲ್ಲೂ ಇರುತ್ತಾರೆ, ಕೆಲವೊಮ್ಮೆ ನೇಮಕಾತಿ ಕಚೇರಿಯ ಮೆಟ್ಟಿಲ ಮೇಲೂ. ಈ ಸಲಹೆಗೆ ಮೊದಲಿದ್ದ ಬಲವೂ ಈಗಿಲ್ಲ. 2022ರಿಂದ ನೇಮಕಾತಿಯ ವೈದ್ಯಕೀಯ ಕೇಂದ್ರಗಳಲ್ಲಿ ಜೆನೆಸಿಸ್ ಎಂಬ ವ್ಯವಸ್ಥೆ ಬಂದಿದ್ದು, ಹೊರಗಿನ ಆಸ್ಪತ್ರೆಗಳ ವಿದ್ಯುನ್ಮಾನ ದಾಖಲೆಗಳನ್ನೂ ಔಷಧ ಚೀಟಿಗಳನ್ನೂ ಅದು ಎಳೆದು ತರಬಲ್ಲದು. ಹೇಳಿದ ಕಾಯಿಲೆಗೆ ವೇವರ್ ಇದೆ. ಮುಚ್ಚಿಟ್ಟು ಸಿಕ್ಕಿಬಿದ್ದ ಸುಳ್ಳಿಗೆ ಇರುವುದು ಸೇನಾ ಕಾನೂನಿನ ಕಲಮು. ಕಾಯಿಲೆ ವೇವರ್‌ಗೆ ಯೋಗ್ಯವಾಗಿದ್ದು, ಸುಳ್ಳಿನಿಂದಾಗಿಯೇ ಬಾಗಿಲು ಮುಚ್ಚಿಸಿಕೊಂಡವರ ಕಡತಗಳನ್ನು ಓದುವಾಗ ನನಗೆ ಆಗುತ್ತಿದ್ದ ಸಂಕಟ ಬೇರೆ ಯಾವ ಕಡತದಿಂದಲೂ ಆಗಿಲ್ಲ.

ಒಂದು ಸೇನೆ ಇಲ್ಲವೆಂದರೆ ಇನ್ನೊಂದು ತನ್ನ ಲೆಕ್ಕವನ್ನು ಬೇರೆಯಾಗಿಯೇ ಮಾಡುತ್ತದೆ. ನಿಯಮಗಳೂ ಕಲ್ಲಿನ ಮೇಲೆ ಕೆತ್ತಿದವಲ್ಲ. ಕೆಂಪು ರಕ್ತಕಣಗಳ ಆಕಾರ ಕೆಡಿಸುವ ಕಾಯಿಲೆಯಾದ ಸಿಕಲ್ ಸೆಲ್‌ನ ಒಂದು ಜೀನ್ ಮಾತ್ರ ಹೊತ್ತ, ಆರೋಗ್ಯವಾಗಿಯೇ ಇದ್ದ ಯುವಕರನ್ನು ವಾಯುಪಡೆಯ ಅಕಾಡೆಮಿ 1981ರವರೆಗೆ ಹೊರಗಿಟ್ಟಿತ್ತು. ಪೈಲಟ್ ಆಗುವವರ ಎತ್ತರ 64ರಿಂದ 77 ಅಂಗುಲದೊಳಗೆ ಇರಬೇಕೆಂಬ ಷರತ್ತನ್ನು ವಾಯುಪಡೆ 2020ರ ಮೇ ತಿಂಗಳಲ್ಲಿ ತೆಗೆದುಹಾಕಿತು. ಈಗ ಕೈಕಾಲುಗಳ ಅಳತೆ ತೆಗೆದು ಯಾವ ವಿಮಾನಕ್ಕೆ ಹೊಂದುತ್ತಾರೆಂದು ನೋಡುತ್ತಾರೆ. ಆದರೆ ನಿಯಮ ಬದಲಾದ ದಿನ ನಿಮ್ಮ ಕಡತ ಸಿದ್ಧವಿರಬೇಕು.

ಆದ್ದರಿಂದ ನನಗೆ ಫೋನ್ ಮಾಡುವ ಮೊದಲು, ಮಗು ಹುಟ್ಟಿದಾಗಿನಿಂದ ಕಂಡ ಪ್ರತಿ ವೈದ್ಯರ ಕಚೇರಿಯಿಂದ ದಾಖಲೆಗಳ ನಕಲು ತರಿಸಿಕೊಳ್ಳಿ. ಅದು ನಿಮ್ಮ ಹಕ್ಕು. ಮಗುವನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಮೊದಲ ಪುಟದಿಂದ ಓದಿ. ಎಲ್ಲಿ ಯಾವ ಪದ ತಪ್ಪಾಗಿ ಬಿದ್ದಿದೆ, ಯಾವ ಪರೀಕ್ಷೆ ಅರ್ಧಕ್ಕೆ ನಿಂತಿದೆ ಎಂದು ಪೆನ್ಸಿಲಿನಲ್ಲಿ ಗುರುತು ಮಾಡಿ. ತಪ್ಪಾಗಿದ್ದರೆ ಅದೇ ವೈದ್ಯರ ಬಳಿ ಹೋಗಿ ತಿದ್ದುಪಡಿಯ ಟಿಪ್ಪಣಿ ಬರೆಸಿ, ಹಳೆಯದನ್ನು ಅಳಿಸಲು ಮಾತ್ರ ಕೇಳಬೇಡಿ. ಇಷ್ಟಾದ ಮೇಲೆ ಫೋನ್ ಮಾಡುವುದಾದರೆ ಆ ಕಾಗದಗಳನ್ನು ಎದುರಿಗಿಟ್ಟುಕೊಂಡು ಮಗುವೇ ಮಾತನಾಡಲಿ. ಮುಂದೆ ಪರೀಕ್ಷಾ ಕೊಠಡಿಯಲ್ಲಿ ಫ್ಲೈಟ್ ಸರ್ಜನ್ ಅದೇ ಪ್ರಶ್ನೆಗಳನ್ನು ಕೇಳುವಾಗ ತಂದೆ ತಾಯಿಗೆ ಅಲ್ಲಿ ಕುರ್ಚಿ ಇರುವುದಿಲ್ಲ.